ವಾಕ್ಚಿತ್ರದಲ್ಲಿ ಶರೀರ ಮತ್ತು ಶಾರೀರ

ವಾಕ್ಚಿತ್ರವನ್ನು ನೋಡುವ ಕಲೆಯೆಂದೇ ನಾವು ವಿಮರ್ಶಿಸುತ್ತ ಬಂದಿದ್ದೇವೆ. ಕೇಳಿ ವಿಮರ್ಶಿಸಿದವರು ವಿರಳ. ಇಟಲಿಯ ಚಿತ್ರಗಳ ಧ್ವನಿಯನ್ನೇ ಕುರಿತು ಸ್ನಾತಕೋತ್ತರ ವಿದ್ಯಾರ್ಥಿಗಳು ಸಂಶೋಧನೆಗೆ ತೊಡಗುವುದು ಆದ್ದರಿಂದಲೇ ಗಮನಾರ್ಹ. ಆ ಬಗೆಯ ಪರಿಶೀಲನೆ ಕೊಯಮತ್ತೂರು, ತಿರುಪ್ಪೂರು ಸೀಮೆಯ ಕನ್ನಡಿಗರಿಗೆ ಏಕೆ ಬೇಕೆಂಬುದು ಇಲ್ಲಿಯ ವಿಚಾರ.

ಇಟಲಿಯಲ್ಲಿ ಬಹುಕಾಲ ಚಿತ್ರಗ್ರಹಣವಾದ ಮೇಲೆ ಮಾತನ್ನು ಬೇರೆಯಾಗಿ ಮುದ್ರಿಸಿ ಕೂಡಿಸುವುದು ರೂಢಿಯಾಗಿತ್ತು. ಫೆಲಿನಿಯ ‘ಲಾ ಸ್ತ್ರಾದಾ’ (1954) ಚಿತ್ರದಲ್ಲಿ ಮುಖ ಹಾಲಿವುಡ್ಡಿನ ಆಂಥೊನಿ ಕ್ವಿನ್‌ನದು, ಇಟಾಲಿಯನ್ ಮಾತು ಬೇರೊಬ್ಬನದು. ವಿಸ್ಕೊಂತಿಯಾದರೋ ‘ಲಾ ತೆರ್ರಾ ತ್ರೆಮಾ’ (1948) ಚಿತ್ರದಲ್ಲಿ ಸಿಸಿಲಿಯ ಆಚಿ ತ್ರೆಜ್ಜಾ ಗ್ರಾಮದ ಬೆಸ್ತರನ್ನು ಅವರ ಆಡುನುಡಿಯಲ್ಲಿಯೇ ಮಾತನಾಡಿಸಿದನು. ಉಳಿದ ಇಟಲಿಗೆ ಅದು ತಿಳಿಯದೆಂದು ಶಿಷ್ಟಭಾಷೆಯ ನಿರೂಪಣೆಯನ್ನು ಸೇರಿಸಬೇಕಾಯಿತು. ಅರ್ಥಕ್ಕೆ ತೊಡಕಾದರೂ ಊರಿನ ಉಸಿರು ಉಳಿಯಿತು.

ಈ ಪ್ರಶ್ನೆ ನಮಗೂ ಹೊಸದಲ್ಲ. 1943ರ ಕನ್ನಡ ‘ಸತ್ಯ ಹರಿಶ್ಚಂದ್ರ’ ಮರುವರ್ಷ ತಮಿಳು ಮಾತನ್ನು ತೊಟ್ಟಿತು. ದೇಹ ಒಂದು, ನುಡಿ ಎರಡು. ಕೊಯಮತ್ತೂರಿನ ಪಕ್ಷಿರಾಜ ಸ್ಟುಡಿಯೋದ ಶ್ರೀರಾಮುಲು ನಾಯ್ಡು ಅವರು ತಮ್ಮ ತಮಿಳು ‘ಮಲೈಕ್ಕಳ್ಳನ್’ (1954) ಕಥೆಯನ್ನು ‘ಬೆಟ್ಟದ ಕಳ್ಳ’ (1957) ಎಂದು ಕನ್ನಡದಲ್ಲಿ ಹೊಸದಾಗಿಯೇ ಚಿತ್ರಿಸಿದರು. ಕಥೆ ಒಂದು, ದೇಹವೂ ನುಡಿಯೂ ಬೇರೆ.

ಇವೆರಡಕ್ಕಿಂತ ಸೂಕ್ಷ್ಮವಾದುದು ರಾಜಕುಮಾರ್ ಅವರ ನಿದರ್ಶನ. ಅವರ ಗಾಜನೂರು ಈಗ ಈರೋಡ್ ಜಿಲ್ಲೆಯ ತಾಳವಾಡಿಗೆ ಸೇರಿದ್ದರೂ 1979ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿಯೇ ಇದ್ದಿತು. ಅವರ ಮಾತನ್ನು ತಿದ್ದಿದುದು ನಾಟಕ ಕಂಪನಿಯ ರಂಗಭೂಮಿ. ಹಾಡಿಗೆ ಬಹುಕಾಲ ಶಾರೀರವಿತ್ತವರು ಕಾಕಿನಾಡದಲ್ಲಿ ಹುಟ್ಟಿದ ಪಿ. ಬಿ. ಶ್ರೀನಿವಾಸ್. ಇದನ್ನು ಕೃತಕವೆಂದು ತಳ್ಳಿಹಾಕುವುದು ಸಲ್ಲದು. ಎರಡು ಕಂಠಗಳು ಒಂದೇ ಎಂಬಂತೆ ಬೆರೆತುದು ಉನ್ನತ ಕಲೆಯೇ. ‘ಸಂಪತ್ತಿಗೆ ಸವಾಲ್’ (1974) ಚಿತ್ರದಿಂದ ಅವರ ಸ್ವಂತ ಕಂಠ ಹಾಡಿನಲ್ಲಿಯೂ ನೆಲೆಗೊಂಡಿತು. ಆದರೆ ಕಂಠ ಮರಳಿದಂತೆ ಗಾಜನೂರಿನ ಮನೆಮಾತು ತೆರೆಗೆ ಮರಳಲಿಲ್ಲ. ನಮ್ಮ ವಿಮರ್ಶೆ ಗಮನಿಸದೆ ಬಿಟ್ಟ ಅಂಶವಿದು: ಶಾರೀರವು ವ್ಯಕ್ತಿಗೆ ಮಾತ್ರವಲ್ಲ, ಊರಿಗೂ ಸೇರಿದುದು.

ಈ ಎರಡು ಜಿಲ್ಲೆಗಳ ದೇವಾಂಗ ನೇಕಾರರ, ಒಕ್ಕಲಿಗರ ಎಷ್ಟೋ ಮನೆಗಳಲ್ಲಿ ಕನ್ನಡವು ಆಡುಮಾತಾಗಿ ಉಳಿದಿದೆ. ಬರೆಹಕ್ಕೆ ಮಾತ್ರ ತಮಿಳು. ಲಿಪಿಯ ಆಸರೆಯಿಲ್ಲದ ನುಡಿಗೆ ಧ್ವನಿಮುದ್ರಿಕೆಯೇ ಗ್ರಂಥ. ಅದು ಶಿಷ್ಟಕನ್ನಡದಂತಿಲ್ಲವೆಂದು ಹಿಂಜರಿಯಬೇಕಾಗಿಲ್ಲ. ಆಚಿ ತ್ರೆಜ್ಜಾದ ಬೆಸ್ತರ ಮಾತೂ ಶಿಷ್ಟವಾಗಿರಲಿಲ್ಲ. ಹಿರಿಯರ ಮಾತನ್ನು ತಿದ್ದದೆ ಮುದ್ರಿಸಿಡುವ ಕಾರ್ಯವನ್ನು ಉಪಾಧ್ಯಾಯ ಬಂಧುಗಳು ತಮ್ಮ ತಮ್ಮ ಊರಿನಿಂದಲೇ ಆರಂಭಿಸಲಿ. ಆಗ ಇಟಲಿಯ ಅಧ್ಯಯನ ನಮಗೂ ಫಲ ಕೊಟ್ಟೀತು.