ಒಂದು ಸಾಲಿನ ಅಭಿಪ್ರಾಯ

ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗಳ ಪ್ರಗತಿ ಪತ್ರದಲ್ಲಿ ಅಂಕಣಗಳಿಗೇನೂ ಬರವಿಲ್ಲ. ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನ, ವಿಷಯಕ್ಕೊಂದು ಸಾಲು. ಸಾಲದ್ದಕ್ಕೆ ಭಾಗ-ಬಿ, ಅಲ್ಲಿ ಮಗುವಿನ ಮನೋಭಾವ, ಮೌಲ್ಯಗಳಿಗೂ ಶ್ರೇಣಿ. ಶಿಕ್ಷಕರ ಅಭಿಪ್ರಾಯಕ್ಕೆ ಉಳಿಯುವುದು ಒಂದು ಸಾಲು. ಅಲ್ಲಿ ‘ಉತ್ತಮ’ ಎನ್ನಬಹುದು, ‘ತೃಪ್ತಿಕರ’ ಎನ್ನಬಹುದು, ಅಕ್ಷರ ಸಣ್ಣದು ಮಾಡಿದರೆ ‘ಗಣಿತದ ಕಡೆ ಗಮನ ಬೇಕು’ ಎಂಬುದೂ ಹಿಡಿಸುತ್ತದೆ. ಪ್ರತಿ ಮಾರ್ಚ್‌ನಲ್ಲಿ ನನ್ನಂಥ ಶಿಕ್ಷಕಿಯರಿಗೆ ಬರುವ ಸಿಟ್ಟಿಗೆ ಕೆಲಸದ ಹೊರೆ ಅರ್ಧ ಕಾರಣ. ಇಷ್ಟೆಲ್ಲ ತುಂಬಿದ ಮೇಲೂ ಆ ಹಾಳೆ ಮಗುವಿನ ಬಗ್ಗೆ ಏನನ್ನೂ ಹೇಳುವುದಿಲ್ಲವಲ್ಲ ಎಂಬುದು ಉಳಿದರ್ಧ.

ಆಶಯದಲ್ಲಿ ತಪ್ಪಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಕೇಳಿದ್ದು ಮಗುವಿನ ತಿಳಿವಳಿಕೆಯನ್ನೂ ಅದನ್ನು ಬಳಸುವ ಶಕ್ತಿಯನ್ನೂ ನಿರಂತರವಾಗಿ, ವ್ಯಾಪಕವಾಗಿ ನೋಡಿ ಎಂದು. ಫೇಲಾದ ವಿಷಯದ ಕೆಳಗೆ ಕೆಂಪು ಗೆರೆ ಎಳೆಯುತ್ತಿದ್ದ ಕಾಲವೇ ಚೆನ್ನಾಗಿತ್ತು ಎನ್ನುವ ಹಿರಿಯ ಮೇಷ್ಟ್ರುಗಳ ಮಾತು ನಾನು ಒಪ್ಪುವುದಿಲ್ಲ. ಆದರೆ ಆ ಆಶಯ ಸುತ್ತೋಲೆಗಿಳಿದು ಶಾಲೆ ಮುಟ್ಟುವಷ್ಟರಲ್ಲಿ ಬರೀ ಕೂಡಿಸುವ ಲೆಕ್ಕವಾಯಿತು. ರೂಪಣಾತ್ಮಕಕ್ಕೆ ತಲಾ 15, ಸಂಕಲನಾತ್ಮಕಕ್ಕೆ ತಲಾ 20, ಒಟ್ಟು 100. ತೊಂಬತ್ತು ದಾಟಿದರೆ ಎ ಪ್ಲಸ್, 70ರಿಂದ ಎ, 50ರಿಂದ ಬಿ ಪ್ಲಸ್, 30ರಿಂದ ಬಿ, ಅದಕ್ಕಿಂತ ಕೆಳಗೆ ಸಿ. ಕಷ್ಟಪಟ್ಟು 51ರಿಂದ 68ಕ್ಕೆ ಏರಿದ ಹುಡುಗ ಬಿ ಪ್ಲಸ್‌ನಲ್ಲೇ ಕೂತಿರುತ್ತಾನೆ. 69 ಇದ್ದವಳು ಒಂದಂಕ ಹೆಚ್ಚು ತಂದರೆ ಎ.

ನನ್ನ ಐದನೇ ತರಗತಿಯ ಇಬ್ಬರನ್ನೇ ನೋಡಿ. ಒಬ್ಬ ಕನ್ನಡ ಪಾಠವನ್ನು ಗಡಗಡ ಓದುತ್ತಾನೆ, ಒತ್ತಕ್ಷರವೊಂದೂ ತಪ್ಪುವುದಿಲ್ಲ. ಓದಿದ್ದೇನು ಎಂದು ಕೇಳಿದರೆ ತಲೆ ತಗ್ಗಿಸಿ ಪುಟದ ಮೊದಲ ಸಾಲನ್ನೇ ಮತ್ತೆ ಓದುತ್ತಾನೆ. ಇನ್ನೊಬ್ಬಳು ‘ಸ್ತ್ರ’ ಬಂದಲ್ಲೆಲ್ಲ ತಡವರಿಸುತ್ತಾಳೆ, ಬೆರಳಿಟ್ಟು ಓದುತ್ತಾಳೆ. ಆದರೆ ಕತೆ ಮುಗಿದ ಮೇಲೆ, “ಮಿಸ್, ಆ ಮುದುಕಿ ಸುಳ್ಳು ಹೇಳಿದ್ದು ಮೊಮ್ಮಗನಿಗೆ ಗೊತ್ತಿತ್ತು ಅಲ್ವಾ?” ಎಂದು ಕೇಳುವವಳು ಅವಳೊಬ್ಬಳೇ. ಮುಂದಿನ ವರ್ಷ ಪಾಠ ಮಾಡುವವರು ಇವರಿಬ್ಬರಿಗೂ ಬೇರೆ ಬೇರೆ ಕೆಲಸ ಕೊಡಬೇಕು. ಪತ್ರದಲ್ಲಿ ಇಬ್ಬರಿಗೂ ಕನ್ನಡದಲ್ಲಿ ಬಿ ಪ್ಲಸ್, ಇಬ್ಬರಿಗೂ ‘ತೃಪ್ತಿಕರ’.

ಇದೇ ಅಂಕಗಳನ್ನು ಮೊದಲು ಸಿಸಿಇ (ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ) ವಹಿಯಲ್ಲಿ ಸಾಧನ-ತಂತ್ರದ ಹೆಸರು ಸಮೇತ ಬರೆಯಬೇಕು, ಆಮೇಲೆ ಪತ್ರಕ್ಕೆ ಇಳಿಸಬೇಕು, ಆಮೇಲೆ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಾದ ಸ್ಯಾಟ್ಸ್‌ಗೆ ಎಂಟ್ರಿ. ವರ್ಷದ ಕೊನೆಗೆ ಎಲ್ಲರೂ ಒಟ್ಟಿಗೇ ಕೂತಾಗ ಸರ್ವರ್ ಸುತ್ತುತ್ತಲೇ ಇರುತ್ತದೆ. ಭಾಗ-ಬಿಯ ಕತೆ ಹೇಳದಿರುವುದೇ ಲೇಸು. ಸಂಗೀತ ಶಿಕ್ಷಕರಿಲ್ಲದ ಶಾಲೆಯಲ್ಲಿ ಸಂಗೀತಕ್ಕೂ ಶ್ರೇಣಿ ಕೊಟ್ಟಾಗಿದೆ. ಹತ್ತು ವರ್ಷದ ಮಗುವಿನ ಮೌಲ್ಯಗಳಿಗೆ ಬಿ ಕೊಡುವ ಧೈರ್ಯ ಯಾರಿಗಿದೆ? ಎಲ್ಲರಿಗೂ ಎ ಬೀಳುತ್ತದೆ.

ನಮ್ಮಲ್ಲೇ ಇದಕ್ಕಿಂತ ಒಳ್ಳೆಯದೊಂದು ಇದೆ ಎಂಬುದು ಇನ್ನೂ ಬೇಸರದ ಸಂಗತಿ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿಕಲಿ ಕಲಿಕಾ ಪದ್ಧತಿಯಲ್ಲಿ ಕಲಿಕಾ ಏಣಿ ಇದೆ, ಏಣಿಯುದ್ದಕ್ಕೂ ಮೈಲಿಗಲ್ಲುಗಳಿವೆ, ಮಗು ಎಲ್ಲಿ ಮುಟ್ಟಿದೆ ಎಂದು ಗುರುತು ಹಾಕುವ ‘ಪ್ರಗತಿ ನೋಟ’ ಇದೆ. ಮಗು ಯಾವ ಮೈಲಿಗಲ್ಲಿನಲ್ಲಿ ನಿಂತಿದೆ, ಮುಂದೆ ಯಾವ ಕಾರ್ಡು ಎತ್ತಿಕೊಳ್ಳಬೇಕು ಎಂಬುದು ಅದರಲ್ಲಿ ಕಾಣುತ್ತದೆ. ಎರಡು ವಾರ ರಜೆ ಹಾಕಿ ಬಂದ ಮಗುವೂ ಬಿಟ್ಟಲ್ಲಿಂದಲೇ ಹಿಡಿಯಬಹುದು. ನಲಿಕಲಿಗೆ ಅದರದೇ ತೊಡಕುಗಳಿವೆ, ಒಬ್ಬರೇ ಶಿಕ್ಷಕಿ ಮೂರು ತರಗತಿ ನಿಭಾಯಿಸುವುದು ಆಟವಲ್ಲ. ಆದರೂ ಆ ನೋಟವನ್ನು ಓದಿ ಮಾರನೇ ದಿನದ ಪಾಠ ನಿರ್ಧರಿಸಬಹುದು. ನಾಲ್ಕನೇ ತರಗತಿಗೆ ಕಾಲಿಟ್ಟೊಡನೆ ಅದು ಕೈಬಿಟ್ಟುಹೋಗಿ ಅಕ್ಷರಶ್ರೇಣಿಯಷ್ಟೇ ಉಳಿಯುತ್ತದೆ.

ಏಪ್ರಿಲ್ 10ರಂದು ಪತ್ರ ಕೈಗೆ ಬಂದಾಗ ತಂದೆ-ತಾಯಿ ಅದನ್ನು ಓದುವುದು ಕಡಿಮೆ. ಸಹಿ ಹಾಕುತ್ತಾ, “ಮಿಸ್, ಹುಡುಗ ಓದ್ತಾನಾ? ಲೆಕ್ಕ ಬರುತ್ತಾ?” ಎಂದು ನನ್ನ ಮುಖ ನೋಡಿ ಕೇಳುತ್ತಾರೆ. ಪತ್ರದಲ್ಲಿ ಇರಬೇಕಿದ್ದ ವಿಷಯ ಆ ಎರಡು ನಿಮಿಷದ ಮಾತಿನಲ್ಲಿ ಹೊರಬರುತ್ತದೆ. ಕೂಲಿಗೆ ಹೋಗಿ ಬರಲಾಗದವರಿಗೆ ಅದೂ ಇಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ‘ಸಮಗ್ರ ಪ್ರಗತಿ ಪತ್ರ’ದ ಮಾತಾಡಿದೆ. ಮಗು ತನ್ನ ಬಗ್ಗೆ ತಾನೇ ಹೇಳಬೇಕು, ಗೆಳೆಯರೂ ಹೇಳಬೇಕು ಎಂಬ ಯೋಚನೆ ನನಗೆ ನಿಜಕ್ಕೂ ಹಿಡಿಸಿತು. ಎನ್‌ಸಿಇಆರ್‌ಟಿಯ ಮಾದರಿಯಲ್ಲಿ ಚಿಕ್ಕ ಮಕ್ಕಳಿಗೆ ಎ, ಬಿ, ಸಿ ಇಲ್ಲ. ಝರಿ, ಪರ್ವತ, ಆಕಾಶ ಎಂಬ ಹಂತಗಳಿವೆ. ಹೆಸರು ಚೆಂದವೇ, ಆದರೆ ಮೂರು ಮೆಟ್ಟಿಲಂತೂ ಮೂರೇ. ಹುಡುಗ ಪರ್ವತದಲ್ಲಿದ್ದಾನೆ ಎಂದರೆ ಪಕ್ಕದ ಮನೆಯವನು ಆಕಾಶದಲ್ಲಿದ್ದಾನಾ ಎಂದು ಕೇಳುವವರು ಇದ್ದೇ ಇರುತ್ತಾರೆ. ಅದಕ್ಕಿಂತ ಭಯ ಪುಟಗಳದು. ಮೂವತ್ತೈದು ಮಕ್ಕಳಿಗೆ ಪುಸ್ತಿಕೆಯಂಥ ಪತ್ರ ತುಂಬಬೇಕಾದರೆ ಆಗುವುದು ಭಾಗ-ಬಿಗೆ ಆದದ್ದೇ. ನನ್ನ ಕೇಳಿದರೆ ಭಾಗ-ಬಿ ತೆಗೆದು ಅಲ್ಲಿ ಆರು ಖಾಲಿ ಗೆರೆ ಎಳೆಯಲಿ, ಸ್ಯಾಟ್ಸ್‌ಗೆ ಹಾಕಿದ ಅಂಕವನ್ನು ಮತ್ತೆ ಕೈಯಲ್ಲಿ ಬರೆಸುವುದು ನಿಲ್ಲಲಿ. ಹಾಗೆ ಉಳಿದ ಹೊತ್ತಿನಲ್ಲಿ ಆ ಗೆರೆಗಳನ್ನು ತುಂಬಲು ನನಗೆ ತರಬೇತಿಯೇನೂ ಬೇಕಿಲ್ಲ.