ನಿಪ್ಪಾಣಿಯಿಂದ ಪೀಣ್ಯದವರೆಗೆ

ಸಾಕ್ಷ್ಯಚಿತ್ರವೆಂದರೆ ನನ್ನ ವಯಸ್ಸಿನ ಹೆಂಗಸರಿಗೆ ನೆನಪಾಗುವುದು ಟಾಕೀಸಿನಲ್ಲಿ ಸಿನಿಮಾಕ್ಕೆ ಮುಂಚೆ ತೋರಿಸುತ್ತಿದ್ದ ವಾರ್ತಾಚಿತ್ರ. ಅಣೆಕಟ್ಟು, ಮಂತ್ರಿಗಳು, ಹಿಂದಿನಿಂದ ಒಬ್ಬ ಗಂಡಸಿನ ಗಡಸು ದನಿ. ದೀಪಾ ಧನರಾಜ್ ಅವರ ಚಿತ್ರಗಳಲ್ಲಿ ಮಾತಾಡುವವರು ಹೆಂಗಸರು. ನಲವತ್ತು ವರ್ಷಕ್ಕೂ ಮೀರಿದ ಅವರ ಕೆಲಸದಲ್ಲಿ ನನಗೆ ದೊಡ್ಡದಾಗಿ ಕಂಡದ್ದು ಇದೇ.

1980ರಲ್ಲಿ ಅವರು ಅಭಾ ಭಯ್ಯಾ, ಮೀರಾ ರಾವ್, ಛಾಯಾಗ್ರಾಹಕ ನವರೋಜ್ ಕಂಟ್ರಾಕ್ಟರ್ ಜೊತೆಗೂಡಿ ಬೆಂಗಳೂರಿನಲ್ಲಿ 'ಯುಗಾಂತರ್' ತಂಡ ಕಟ್ಟಿದರು. ಮೊದಲ ಚಿತ್ರ 'ಮೋಲ್ಕರೀಣ್' (1981), ಪುಣೆಯ ಮನೆಗೆಲಸದವರ ಸಂಘಟನೆಯದು. ಮರುವರ್ಷದ್ದು ನಮ್ಮದೇ ನಿಪ್ಪಾಣಿಯ ತಂಬಾಕು ಕಾರ್ಖಾನೆಯ ಹೆಣ್ಣಾಳುಗಳದು, 'ತಂಬಾಕು ಚಾಕೀಲಾ ಊಬ್ ಆಲೀ'. ತಂಬಾಕಿನ ಧೂಳಿನಲ್ಲಿ ದಿನವಿಡೀ ದುಡಿಯುವವರ ಕಷ್ಟ ತೋರಿಸಿ ನಮ್ಮಿಂದ 'ಅಯ್ಯೋ ಪಾಪ' ಅನ್ನಿಸುವುದು ಸುಲಭವಿತ್ತು. ಅವರು ಹಾಗೆ ಮಾಡಲಿಲ್ಲ. ಈ ಹೆಂಗಸರು ಒಟ್ಟಿಗೆ ಕೂತು ಯೋಚಿಸುತ್ತಾರೆ, ಲೆಕ್ಕ ಹಾಕುತ್ತಾರೆ, ಮುಷ್ಕರಕ್ಕೆ ಇಳಿಯುತ್ತಾರೆ. ನೋಡುತ್ತಿದ್ದರೆ ಕರುಣೆಗಿಂತ ಗೌರವ ಮೊದಲು ಬರುತ್ತದೆ.

1991ರ 'ಸಮ್‌ಥಿಂಗ್ ಲೈಕ್ ಎ ವಾರ್' ಕುಟುಂಬ ಯೋಜನೆಯ ಕುರಿತದ್ದು. ತಾನು ಎಷ್ಟು ಬೇಗ ಆಪರೇಷನ್ ಮುಗಿಸಬಲ್ಲೆನೆಂದು ಅದರಲ್ಲಿ ವೈದ್ಯರೊಬ್ಬರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. (ನಾನು ಚಿಕ್ಕವಳಿದ್ದಾಗ ಶಾಲೆಯ ಮೇಷ್ಟರೂ 'ಕೇಸು' ಹುಡುಕಿಕೊಂಡು ಮನೆಮನೆ ಅಲೆಯುತ್ತಿದ್ದರು.) ಅದೇ ಚಿತ್ರದಲ್ಲಿ ಹಳ್ಳಿಯ ಹೆಂಗಸರು ಸುತ್ತ ಕೂತು ಹೆಣ್ಣಿನ ದೇಹದ ಚಿತ್ರ ಬರೆದು ಮುಟ್ಟು, ಬಸಿರು, ಆಸೆ ಎಲ್ಲವನ್ನೂ ನಗುನಗುತ್ತಾ ಆಡಿಕೊಳ್ಳುತ್ತಾರೆ. ಬಿ.ಎಡ್.ನಲ್ಲಿ ಯಾರೂ ನಮಗೆ ಹೇಳಿಕೊಡದ ಪಾಠ ಅದು.

ರೋಹಿತ್ ವೇಮುಲ ಸಾವಿನ ನಂತರದ ಹೋರಾಟದ ಚಿತ್ರ, 2018ರ 'ವೀ ಹ್ಯಾವ್ ನಾಟ್ ಕಮ್ ಹಿಯರ್ ಟು ಡೈ', ನನ್ನನ್ನು ಅಲುಗಾಡಿಸಿತು, ನಿಜ. ಆದರೂ ಅದರಲ್ಲಿ ಸಭೆ, ಭಾಷಣಗಳು ಹೆಚ್ಚಾದವು ಅನ್ನಿಸಿತು. ಆ ತಾಯಿ ರಾಧಿಕಾ ಅವರ ಬಳಿ ಕ್ಯಾಮೆರಾ ಇನ್ನಷ್ಟು ಹೊತ್ತು ಸುಮ್ಮನೆ ಕೂರಬೇಕಿತ್ತು. ನಿಪ್ಪಾಣಿಯಲ್ಲಿದ್ದ ಆ ತಾಳ್ಮೆ ನನಗೆ ಇಲ್ಲಿ ಕಡಿಮೆ ಕಂಡಿತು.

ಆ ತಾಳ್ಮೆಯ ಬೆಲೆ ಪೀಣ್ಯದಲ್ಲಿರುವ ನನಗೆ ಗೊತ್ತು. 2016ರ ಏಪ್ರಿಲ್‌ನಲ್ಲಿ ಪಿ.ಎಫ್. ಹಣ ಪೂರ್ತಿ ತೆಗೆಯಲು 58 ವರ್ಷವಾಗುವವರೆಗೆ ಕಾಯಬೇಕೆಂಬ ನಿಯಮದ ವಿರುದ್ಧ ಗಾರ್ಮೆಂಟ್ಸ್ ಹೆಂಗಸರು ತುಮಕೂರು ರಸ್ತೆಗೂ ಹೊಸೂರು ರಸ್ತೆಗೂ ಇಳಿದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಟಿವಿಯಲ್ಲಿ ನಾನು ಕಂಡದ್ದು ಉರಿಯುವ ಬಸ್ಸು, ಲಾಠಿ. ಆ ಹಣದಿಂದ ಯಾರ ಮಗಳ ಫೀಸು ಕಟ್ಟಬೇಕಿತ್ತು, ಯಾರ ಸಾಲ ತೀರಬೇಕಿತ್ತು ಎಂದು ಕೂತು ಕೇಳಿದವರನ್ನು ನಾನು ಕಾಣಲಿಲ್ಲ. ಆ ಹೆಂಗಸರಲ್ಲಿ ಎಷ್ಟೋ ಜನ ನನ್ನ ಮಕ್ಕಳ ತಾಯಂದಿರು.

ನನ್ನ ತಕರಾರು ಒಂದೇ. ನಾನು ಈ ಚಿತ್ರಗಳನ್ನು ನೋಡಿದ್ದು ಇಂಗ್ಲಿಷ್ ಅಡಿಬರಹದೊಂದಿಗೆ, ಓದಿದವರ ನಡುವೆ. ನಿಪ್ಪಾಣಿಯ ಚಿತ್ರ ಮರಾಠಿಯಲ್ಲಿದೆ. ಪೀಣ್ಯದ ಹೊಲಿಗೆ ಮೆಷಿನ್ ಮುಂದೆ ಕೂರುವವಳಿಗೆ ಎರಡೂ ಭಾಷೆ ಬಾರದು. ಚಿತ್ರವಿರುವುದು ಸುಮಾರು 25 ನಿಮಿಷ. ಅದಕ್ಕೊಂದು ಕನ್ನಡ ದನಿ ಕೊಡುವುದು ಅಷ್ಟು ದೊಡ್ಡ ಕೆಲಸವೇ? ಹೇಗೂ ನಮ್ಮ ಶಾಲೆಯ ಹಾಲು ಭಾನುವಾರ ಖಾಲಿ ಇರುತ್ತದೆ.