ರೂವಾರಿಯ ಹೆಸರು: ಗೋವಿಂದನಹಳ್ಳಿಯ ಶಿಲ್ಪಿಯೂ ನಮ್ಮ ದೇವಾಲಯಗಳ ಫಲಕಗಳೂ

'ರೂವಾರಿ' ಎಂಬುದು ಕನ್ನಡದ ಹಳೆಯ ಮಾತು. ರೂಪವನ್ನು ಕೊಡುವವನು, ಅಂದರೆ ಶಿಲ್ಪಿ, ಎಂಬುದು ಅದರ ಅರ್ಥ. ಹೊಯ್ಸಳರ ಕಾಲದಲ್ಲಿ ಉಳಿ ಹಿಡಿದು ಕಲ್ಲು ಕೆತ್ತಿದವನಿಗೆ ಈ ಬಿರುದು ಸಲ್ಲುತ್ತಿತ್ತು. ಇಂದಿನ ಪತ್ರಿಕೆಗಳಲ್ಲಿ ಯೋಜನೆಯ ರೂವಾರಿ, ನೀತಿಯ ರೂವಾರಿ, ಗೆಲುವಿನ ರೂವಾರಿ ಎಂಬ ಬಳಕೆಗಳೇ ಹೆಚ್ಚು. ಪದವೇನೋ ಉಳಿಯಿತು, ಆದರೆ ದುಡಿದ ಕೈಯಿಂದ ಜಾರಿ ಅಪ್ಪಣೆ ಕೊಟ್ಟ ಬಾಯಿಯ ಪಾಲಾಯಿತು. ಇದು ಬರಿಯ ಭಾಷೆಯ ಸಂಗತಿಯಲ್ಲ. ನಮ್ಮ ಸಭೆಗಳು ದೇವಾಲಯಗಳನ್ನು ಕಟ್ಟುವ ರೀತಿಯಲ್ಲಿಯೂ ಇದೇ ಜಾರುವಿಕೆ ನಡೆದಿದೆ, ಮತ್ತು ಅದು ದೈವಶಾಸ್ತ್ರದ ದೃಷ್ಟಿಯಿಂದ ಪರಿಶೀಲಿಸತಕ್ಕ ದೋಷವಾಗಿದೆ ಎಂಬುದು ಈ ಲೇಖನದ ವಾದ.

ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯ ಸಮೀಪ ಗೋವಿಂದನಹಳ್ಳಿ ಎಂಬ ಊರಿದೆ. ಅಲ್ಲಿಯ ಪಂಚಲಿಂಗೇಶ್ವರ ಗುಡಿಯನ್ನು ಸುಮಾರು 1238ರದೆಂದು ಹೇಳುತ್ತಾರೆ. ಬಳಪದ ಕಲ್ಲಿನ ಐದು ಗರ್ಭಗುಡಿಗಳು ಒಂದೇ ಸಾಲಿನಲ್ಲಿ ಪೂರ್ವಕ್ಕೆ ಮುಖಮಾಡಿ ನಿಂತಿರುವ ಇಂಥ ಪಂಚಕೂಟ ನಮ್ಮ ನಾಡಿನಲ್ಲಿ ಅಪರೂಪ. ಅಲ್ಲಿ ಕೆಲಸಮಾಡಿದವನೆಂದು ಗುರುತಿಸಲಾಗಿರುವ ಶಿಲ್ಪಿ ರೂವಾರಿ ಮಲ್ಲಿತಮ್ಮ. ಈ ಹೆಸರು ಅಲ್ಲಿಗೇ ನಿಲ್ಲುವುದಿಲ್ಲ. 1196ರ ಅಮೃತಾಪುರದ ಗುಡಿಯಿಂದ ಹಿಡಿದು 13ನೆಯ ಶತಮಾನದ ಉತ್ತರಾರ್ಧದ ಸೋಮನಾಥಪುರದವರೆಗೆ ಅದು ನಮಗೆ ಎದುರಾಗುತ್ತದೆ. 1246ರ ನುಗ್ಗೇಹಳ್ಳಿಯ ಗುಡಿಯಲ್ಲಿ ಉತ್ತರ ಭಾಗದ ಶಿಲ್ಪಗಳು ಮಲ್ಲಿತಮ್ಮನವು, ದಕ್ಷಿಣ ಭಾಗದವು ಬೈಚೋಜನವು ಎಂದು ಹಂಚಿಕೆಯನ್ನು ಗುರುತಿಸಲಾಗಿದೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಜೊತೆಗೆ ಮಸಣಿತಮ್ಮ, ಚೌಡೆಯ, ಬಾಲೆಯ ಮೊದಲಾದವರ ಹೆಸರುಗಳೂ ಇವೆ.

ಗುಡಿಯನ್ನು ಕಟ್ಟಿಸಿದ ದಂಡನಾಯಕರ ಹೆಸರುಗಳೂ ನಮಗೆ ತಿಳಿದಿವೆ: ನುಗ್ಗೇಹಳ್ಳಿಗೆ ಬೊಮ್ಮಣ್ಣ, ಸೋಮನಾಥಪುರಕ್ಕೆ ಸೋಮನಾಥ. ಆದರೆ ಕಟ್ಟಿಸಿದವನ ಹೆಸರು ಕಟ್ಟಿದವನ ಹೆಸರನ್ನು ಅಳಿಸಲಿಲ್ಲ. ಶಿಲ್ಪಿಗಳು ಹೆಸರು ಕೆತ್ತಿದ್ದೇಕೆ? ಕೀರ್ತಿಯ ಆಸೆಯಿಂದಿರಬಹುದು, ಕೂಲಿಯ ಲೆಕ್ಕಕ್ಕಾಗಿಯೂ ಇರಬಹುದು. ಕಾರಣ ಯಾವುದಾದರೂ ಪರಿಣಾಮ ಒಂದೇ: ಈ ಕೆಲಸ ನನ್ನದು, ಇದರ ಗುಣದೋಷಗಳಿಗೆ ನಾನೇ ಹೊಣೆ ಎಂದು ಕಲ್ಲು ಹೇಳುತ್ತಿದೆ. ಎಂಟು ಶತಮಾನ ಕಳೆದರೂ ನಾವು ಈ ಕೈ ಪಳಗಿದ್ದು, ಆ ಕೈ ಎಳೆಯದು ಎಂದು ವಿವೇಚಿಸುವುದಕ್ಕೆ ಅವರು ತಮ್ಮನ್ನು ಒಡ್ಡಿಕೊಂಡಿದ್ದಾರೆ.

ಇಲ್ಲಿ ಒಂದು ಆಕ್ಷೇಪಣೆ ಸಹಜವಾಗಿ ಏಳುತ್ತದೆ. ವಿಗ್ರಹಗಳನ್ನು ಕೆತ್ತಿದವನಿಂದ ಸಭೆಯು ಕಲಿಯತಕ್ಕದ್ದೇನು? ಯೆಶಾಯನ 44ನೆಯ ಅಧ್ಯಾಯವು ವಿಗ್ರಹ ಮಾಡುವವನನ್ನು ಕಟುವಾಗಿ ಹಾಸ್ಯಮಾಡುತ್ತದಲ್ಲವೇ? ಈ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕಬಾರದು. ವಿಮೋಚನಕಾಂಡದಲ್ಲಿಯೂ 31ನೆಯ ಅಧ್ಯಾಯದಲ್ಲಿ ಬೆಚಲೇಲನ ನೇಮಕವಾದರೆ, ಅದರ ಬೆನ್ನಿಗೇ 32ರಲ್ಲಿ ಬಂಗಾರದ ಬಸವನ ನಿರ್ಮಾಣವಾಗುತ್ತದೆ. ಕೈಚಳಕವು ತಾನಾಗಿಯೇ ಪವಿತ್ರವಲ್ಲ. ಅದು ಯಾವುದರ ಸೇವೆಗೆ ನಿಂತಿದೆ ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಆದುದರಿಂದ ಮಲ್ಲಿತಮ್ಮನಿಗೆ ನಾವು ಮರಣೋತ್ತರ ದೀಕ್ಷಾಸ್ನಾನ ಮಾಡಿಸಬೇಕಾಗಿಲ್ಲ. ಆದರೆ ಸೊಲೊಮೋನನು ದೇವಾಲಯದ ತಾಮ್ರದ ಕೆಲಸಕ್ಕೆ ಕರೆತರಿಸಿದ ಹೀರಾಮನ ವಿಷಯವನ್ನು ನೆನೆಯೋಣ. ತಂದೆ ತೂರಿನವನು, ತಾಯಿ ನಫ್ತಾಲಿ ಕುಲದ ವಿಧವೆ ಎಂದು ಅವನ ಕುಲಗೋತ್ರವನ್ನು ಹೇಳಿ, ಅವನ ಜ್ಞಾನವನ್ನು ಹೊಗಳಿ, ಮಾಡಿದ ಕಂಬ ಬೋಗುಣಿಗಳನ್ನೆಲ್ಲ ಒಂದೊಂದಾಗಿ ಎಣಿಸುತ್ತದೆ ಅರಸುಗಳು ಪ್ರಥಮಭಾಗದ 7ನೆಯ ಅಧ್ಯಾಯ. ಅನ್ಯನಾಡಿನಲ್ಲಿ ಪಳಗಿದ ಕೈಯನ್ನು ಹೆಸರಿಟ್ಟು ಗೌರವಿಸಲು ಸತ್ಯವೇದವು ಹಿಂಜರಿಯಲಿಲ್ಲ.

ಎರಡನೆಯ ಆಕ್ಷೇಪಣೆ ಇನ್ನೂ ಸೂಕ್ಷ್ಮವಾದದ್ದು. ಹೆಸರನ್ನು ಕೆತ್ತುವುದು ಅಹಂಕಾರವಲ್ಲವೇ? ಬಾಬೆಲಿನವರು ಗೋಪುರ ಕಟ್ಟಲು ಹೊರಟದ್ದು ತಮಗೊಂದು ಹೆಸರು ಬೇಕೆಂದೇ ಅಲ್ಲವೇ? ನಿಜ. ಆದರೆ ಆದಿಕಾಂಡದ 11ನೆಯ ಅಧ್ಯಾಯವನ್ನೂ ವಿಮೋಚನಕಾಂಡದ 31ನೆಯ ಅಧ್ಯಾಯವನ್ನೂ ಜೊತೆಯಾಗಿ ಓದಿದರೆ ಒಂದು ಭೇದ ತೋರುತ್ತದೆ. ಬಾಬೆಲಿನಲ್ಲಿ ಜನರು ತಮಗೆ ತಾವೇ ಹೆಸರು ಮಾಡಿಕೊಳ್ಳಬಯಸಿದರು; ಅವರಲ್ಲಿ ಒಬ್ಬರ ಹೆಸರೂ ನಮಗೆ ತಿಳಿಯದು. ಗುಡಾರದ ಕೆಲಸದಲ್ಲಿಯಾದರೋ ದೇವರೇ ಊರಿಯ ಮಗನಾದ ಬೆಚಲೇಲನನ್ನು ಹೆಸರು ಹಿಡಿದು ಕರೆಯುತ್ತಾನೆ. ಜೊತೆಗಾರನಾದ ಒಹೊಲೀಯಾಬನ ಹೆಸರೂ ದಾಖಲಾಗಿದೆ. ದೇವರ ಆತ್ಮದಿಂದ ತುಂಬಿದವನೆಂದು ಸತ್ಯವೇದವು ಹೆಸರಿಟ್ಟು ಹೇಳುವವರಲ್ಲಿ ಮೊದಲಿಗನು ಪ್ರವಾದಿಯಲ್ಲ, ಯಾಜಕನಲ್ಲ, ಈ ಕುಶಲಕರ್ಮಿ. ಹೆಸರಿರುವುದು ದೋಷವಲ್ಲ, ಆ ಹೆಸರು ಕರೆಯಿಂದ ಬಂದದ್ದೋ ಕಸಿದುಕೊಂಡದ್ದೋ ಎಂಬುದೇ ಪ್ರಶ್ನೆ.

ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 3ನೆಯ ಅಧ್ಯಾಯದಲ್ಲಿ ತನ್ನನ್ನು 'ಆರ್ಕಿತೆಕ್ತೋನ್' ಎಂದು ಕರೆದುಕೊಳ್ಳುತ್ತಾನೆ. ಇಂದಿನ 'ಆರ್ಕಿಟೆಕ್ಟ್' ಎಂಬ ಮಾತಿನ ಮೂಲವೂ ಇದೇ. ಗ್ರೀಕ್ ಸೆಪ್ಟುಅಜಿಂಟಿನಲ್ಲಿ ಬೆಚಲೇಲನ ಕೆಲಸವನ್ನು ವರ್ಣಿಸಲು ಬಳಸಿದ ಕ್ರಿಯಾಪದವೂ ಇದೇ ಮೂಲದ್ದು. ಆ ಮಾತಿನೊಳಗೆ 'ತೆಕ್ತೋನ್' ಇದ್ದಾನೆ. ಮಾರ್ಕನ 6ನೆಯ ಅಧ್ಯಾಯದಲ್ಲಿ ನಜರೇತಿನವರು ನಮ್ಮ ಕರ್ತನನ್ನು ಕುರಿತು ಹೇಳುವ ಮಾತು ಅದೇ. ಪೌಲನ ವಾದದಲ್ಲಿ ಅಸ್ತಿವಾರ ಹಾಕಿದವನೊಬ್ಬ, ಮೇಲೆ ಕಟ್ಟುವವರು ಹಲವರು. ಪ್ರತಿಯೊಬ್ಬನ ಕೆಲಸವೂ ಬೆಂಕಿಯಿಂದ ಪರೀಕ್ಷಿತವಾಗುತ್ತದೆ. ಯಾರ ಕೆಲಸವೆಂದು ತಿಳಿಯದಿದ್ದರೆ ಪರೀಕ್ಷೆಗೆ ಅರ್ಥವಿಲ್ಲ. ನುಗ್ಗೇಹಳ್ಳಿಯ ಉತ್ತರ ದಕ್ಷಿಣ ಗೋಡೆಗಳ ಹಂಚಿಕೆಯನ್ನು ಕಂಡವರಿಗೆ ಈ ವಚನಭಾಗ ಹೊಸದಾಗಿ ತೆರೆಯುತ್ತದೆ.

ಇನ್ನು ಗೋವಿಂದನಹಳ್ಳಿಯಿಂದ ದಕ್ಷಿಣಕ್ಕೆ, ಶ್ರೀರಂಗಪಟ್ಟಣಕ್ಕೆ ಬರೋಣ. ಅಲ್ಲಿ ಕಾವೇರಿಯ ಮೇಲೆ ದಿವಾನ್ ಪೂರ್ಣಯ್ಯನವರ ಆಡಳಿತದಲ್ಲಿ 1804ರಲ್ಲಿ ಕಟ್ಟಿದ ಕಲ್ಲಿನ ಸೇತುವೆಯಿದೆ. ಕಲ್ಲುಕಂಬಗಳ ಮೇಲೆ ಕಲ್ಲುತೊಲೆಗಳನ್ನಿಟ್ಟ ಆ ಕಟ್ಟಡ ಈ ನೆಲದ ಕೈಗಳ ಅನುಭವಕ್ಕೆ ಸಾಕ್ಷಿ. ಅದಕ್ಕೆ ಇಟ್ಟ ಹೆಸರು ಮಾತ್ರ ಗವರ್ನರ್ ಜನರಲ್ ವೆಲ್ಲೆಸ್ಲಿಯದು. ಅದೇ ದ್ವೀಪದ ಗಂಜಾಂನಲ್ಲಿ ಆಬೆ ದುಬೊಯ್ ಅವರ ಹೆಸರಿನಿಂದ ಪರಿಚಿತವಾದ ದೇವಾಲಯವಿದೆ. ಪ್ಯಾರಿಸಿನ ವಿದೇಶಿ ಮಿಷನ್ನಿನ ಈ ಪಾದ್ರಿ 1799ರ ಬಳಿಕ ಇಲ್ಲಿಗೆ ಬಂದು ಚದರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿದವರು; ಜನರು ಅವರನ್ನು ದೊಡ್ಡಸ್ವಾಮಿ ಎಂದು ಕರೆದರು. 1823ರಲ್ಲಿ ಅವರು ಸ್ವದೇಶಕ್ಕೆ ಮರಳಿದಾಗ, ಭಾರತದಲ್ಲಿ ಕ್ರೈಸ್ತಧರ್ಮ ಬೇರೂರುವ ವಿಷಯದಲ್ಲಿ ಅವರ ನಂಬಿಕೆ ಬಹುಮಟ್ಟಿಗೆ ಬತ್ತಿಹೋಗಿತ್ತು. ಅವರ ತೀರ್ಪು ಹಾಗಿದ್ದರೂ ದೇವಾಲಯ ನಿಂತಿದೆ. ಕಟ್ಟಿದವನ ಅಂದಾಜೇ ಕಡೆಯ ಮಾತಲ್ಲವೆಂಬುದಕ್ಕೆ ಇದೊಂದು ನಿದರ್ಶನ. ಆದರೆ ಅಲ್ಲಿಯೂ ನಮ್ಮ ನೆನಪಿನಲ್ಲಿ ಉಳಿದಿರುವುದು ದೊಡ್ಡಸ್ವಾಮಿಯ ಹೆಸರು, ಗಾರೆ ಕಲಸಿದವರದಲ್ಲ.

ಈಗ ನಮ್ಮ ಪ್ರತಿಷ್ಠೆಯ ಫಲಕಗಳತ್ತ ನೋಡೋಣ. ಹೊಸ ದೇವಾಲಯದ ಬಾಗಿಲ ಬಳಿಯ ಕರಿಯ ಗ್ರಾನೈಟಿನಲ್ಲಿ ಬಿಷಪರ ಹೆಸರು ದೊಡ್ಡಕ್ಷರದಲ್ಲಿರುತ್ತದೆ. ಕೆಳಗೆ ಸಭಾಪಾಲಕರು, ಕಾರ್ಯದರ್ಶಿ, ಖಜಾಂಚಿ, ಸಮಿತಿಯ ಸದಸ್ಯರು, ದಾನಿಗಳು. ನಕ್ಷೆ ಬರೆದವರ ಹೆಸರು ಅಪರೂಪ; ಮೇಸ್ತ್ರಿಯ ಹೆಸರು ಇಲ್ಲವೇ ಇಲ್ಲ. ಎಡಗೈ ಅರಿಯದಂತೆ ಬಲಗೈ ಕೊಡಲಿ ಎಂಬ ದೀನತೆಯ ಬೋಧನೆಯನ್ನು ನಾವು ಮೇಸ್ತ್ರಿಗೆ ಅನ್ವಯಿಸುತ್ತೇವೆ, ಸಮಿತಿಗೆ ಅನ್ವಯಿಸುವುದಿಲ್ಲ. ಸೊಲೊಮೋನನು ಇಸ್ರಾಯೇಲ್ಯರಲ್ಲಿ 30,000 ಮಂದಿಯನ್ನು ಬಿಟ್ಟಿ ಕೆಲಸಕ್ಕೆ ಹಿಡಿದನು, ಅವರ ಹೆಸರುಗಳಿಲ್ಲ. ಆ ನೊಗದ ಭಾರದ ದೂರೇ ಮುಂದೆ ಅವನ ಮಗನ ಕಾಲದಲ್ಲಿ ರಾಜ್ಯವನ್ನು ಇಬ್ಭಾಗ ಮಾಡಿತು. ದೇವರ ಮನೆಯನ್ನು ಕಟ್ಟುವಾಗಲೇ ದುಡಿದವನನ್ನು ಮರೆತರೆ ಅದರ ಫಲವನ್ನು ಸಭೆಯೇ ಉಣ್ಣಬೇಕಾಗುತ್ತದೆ.

ಆದುದರಿಂದ ಸಭಾಪಾಲಕರಾಗಲಿರುವವರಿಗೆ ಎರಡು ಬಿನ್ನಹಗಳು. ಮೊದಲನೆಯದು, ದೇವಾಲಯ ಕಟ್ಟುವ ಕಾಲ ಬಂದಾಗ ಕೆಲಸಗಾರರ ಕೂಲಿ ಸಂದಿದೆಯೇ ಎಂಬುದನ್ನು ಪ್ರತಿಷ್ಠೆಯ ದಿನಾಂಕಕ್ಕಿಂತ ಮುಂಚೆ ವಿಚಾರಿಸಿರಿ. ತಡೆಹಿಡಿದ ಕೂಲಿಯೇ ಕೂಗುತ್ತದೆಂಬುದು ಯಾಕೋಬನ ಪತ್ರದ ಎಚ್ಚರಿಕೆ. ಕೂಲಿಗೆ ಬದಲಾಗಿ ಹೆಸರು ಕೊಡುವುದು ಮೋಸವಾದೀತು. ಎರಡನೆಯದು, ಫಲಕದಲ್ಲಿ ಒಂದು ಸಾಲನ್ನು ಕಟ್ಟಿದವರಿಗಾಗಿ ಬಿಡಿರಿ. ಅವರು ಯಾವ ಮತದವರಾಗಿದ್ದರೂ ಸರಿಯೇ. ಪ್ರತಿಷ್ಠೆಯ ಆರಾಧನೆಯಲ್ಲಿ ಆ ಹೆಸರುಗಳನ್ನು ಓದಿ ಪ್ರಾರ್ಥಿಸಿರಿ. ಸ್ಥಳ ಸಾಲದಿದ್ದರೆ ಸಮಿತಿಯ ಹೆಸರುಗಳಲ್ಲಿ ಕೆಲವನ್ನು ಬಿಡಬಹುದು.

ಗೋವಿಂದನಹಳ್ಳಿಯ ಕಲ್ಲು ಸುವಾರ್ತೆಯನ್ನು ಹೇಳುವುದಿಲ್ಲ. ಆದರೆ ಸುವಾರ್ತೆಯನ್ನು ಹೇಳುವ ನಾವು, ದುಡಿದವನನ್ನು ಹೆಸರು ಹಿಡಿದು ಕರೆಯುವ ದೇವರ ಮಾತನ್ನು ನಮ್ಮ ಕಲ್ಲುಗಳ ಮೇಲೆ ಬರೆಯದೆ ಹೋದೆವಲ್ಲ ಎಂದು ಅದು ನಮ್ಮನ್ನು ಪ್ರಶ್ನಿಸುತ್ತದೆ.